ಅಮೆರಿಕದಾದ್ಯಂತ ಗಾಂಜಾ ಸಕ್ರಮವಾಗಬೇಕೇ? ರಾಜ್ಯಗಳ ಒಪ್ಪಿಗೆ, ಫೆಡರಲ್ ನಿಷೇಧ ಮತ್ತು ನಡುವಿನ ಗೊಂದಲ

ಪ್ರಶ್ನೆ ಕೇಳಿದವರು: ದೂರದೇಶಿ

ನಾನಿರುವುದು ಇಲಿನಾಯ್ ರಾಜ್ಯದಲ್ಲಿ. ಇಲ್ಲಿ 2020ರ ಜನವರಿ 1ರಿಂದ 21 ವರ್ಷ ತುಂಬಿದ ಯಾರು ಬೇಕಾದರೂ ಪರವಾನಗಿ ಪಡೆದ ಅಂಗಡಿಗೆ ಹೋಗಿ ಗಾಂಜಾ ಕೊಳ್ಳಬಹುದು. ರಾಜ್ಯ ಸರ್ಕಾರ ಅದರ ಮೇಲೆ ತೆರಿಗೆ ವಿಧಿಸಿ ಬೊಕ್ಕಸಕ್ಕೆ ಹಣ ಸೇರಿಸಿಕೊಳ್ಳುತ್ತದೆ. ಪಕ್ಕದ ಇಂಡಿಯಾನಾದಲ್ಲಿ ಅದೇ ಪೊಟ್ಟಣ ಜೇಬಿನಲ್ಲಿ ಸಿಕ್ಕರೆ ಅಪರಾಧ. ಇನ್ನೂ ವಿಚಿತ್ರವೆಂದರೆ, ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರ ಗಡಿಯ ಎರಡೂ ಬದಿಗಳಲ್ಲಿ ಅದು ಅಪರಾಧವೇ ಆಗಿದೆ, ಇಲಿನಾಯ್‌ನ ಅಂಗಡಿಯವನು ರಾಜ್ಯಕ್ಕೆ ಪ್ರಾಮಾಣಿಕವಾಗಿ ತೆರಿಗೆ ಕಟ್ಟುತ್ತಿದ್ದರೂ ಸಹ.

24 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ವಯಸ್ಕರ ಬಳಕೆಯನ್ನು ಒಪ್ಪಿಕೊಂಡಿವೆ. ಗ್ಯಾಲಪ್ ಸಂಸ್ಥೆ 1969ರಲ್ಲಿ ಮೊದಲ ಬಾರಿ ಈ ಪ್ರಶ್ನೆಯನ್ನು ಜನರ ಮುಂದಿಟ್ಟಾಗ ಶೇ 12ರಷ್ಟು ಮಂದಿ ಮಾತ್ರ ಸಕ್ರಮದ ಪರವಾಗಿದ್ದರು; 2023ರಲ್ಲಿ ಆ ಪ್ರಮಾಣ ಶೇ 70ಕ್ಕೆ ಏರಿತ್ತು. ಇಷ್ಟು ಬೆಂಬಲವಿರುವ ವಿಷಯದಲ್ಲಿ ಅಮೆರಿಕದ ಸಂಸತ್ತು ಏಕೆ ನಿರ್ಧಾರ ತೆಗೆದುಕೊಳ್ಳುತ್ತಿಲ್ಲ? ತೆಗೆದುಕೊಂಡರೆ ನಿಜವಾಗಿ ಏನು ಬದಲಾಗುತ್ತದೆ? ಅದಕ್ಕಿಂತ ಮುಖ್ಯವಾಗಿ, ದೇಶದಾದ್ಯಂತ ಸಕ್ರಮಗೊಳಿಸುವುದು ಸರಿಯೇ? ಪರ ಮತ್ತು ವಿರೋಧದ ಘೋಷಣೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಕಾನೂನು, ವ್ಯಾಪಾರ ಮತ್ತು ಆರೋಗ್ಯದ ಒಳಹೊರಗನ್ನು ಬಲ್ಲವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಶಾಸನಪ್ರಿಯ

ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಏಕೆಂದರೆ "ದೇಶದಾದ್ಯಂತ ಸಕ್ರಮ" ಎಂಬ ಒಂದೇ ಬೇಡಿಕೆಯೊಳಗೆ ಪರಸ್ಪರ ಬಹಳ ಭಿನ್ನವಾದ ಕ್ರಮಗಳು ಸೇರಿಕೊಂಡಿದ್ದು, ವಾದ ಮಾಡುವವರು ಒಬ್ಬೊಬ್ಬರೂ ಒಂದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಾರೆ.

ಈಗಿನ ನಿಷೇಧ ನಿಂತಿರುವುದು 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯ ಮೇಲೆ. ಅದಕ್ಕೂ ಮೊದಲು 1937ರ ತೆರಿಗೆ ಕಾಯ್ದೆಯೊಂದಿತ್ತು. ಫೆಡರಲ್ ಮಾದಕವಸ್ತು ವಿಭಾಗದ ಮುಖ್ಯಸ್ಥರಾಗಿದ್ದ ಹ್ಯಾರಿ ಆನ್ಸ್‌ಲಿಂಗರ್ ಅವರ ಪ್ರಚಾರದ ಫಲವಾಗಿ, ವೈದ್ಯಕೀಯ ಸಂಘದ ಪ್ರತಿನಿಧಿಯ ಆಕ್ಷೇಪವನ್ನೂ ಬದಿಗೊತ್ತಿ, ಅದು ಜಾರಿಗೆ ಬಂದಿತ್ತು. ಹೆಸರಿಗೆ ತೆರಿಗೆ, ಪರಿಣಾಮದಲ್ಲಿ ನಿಷೇಧ. ತೆರಿಗೆ ಕಟ್ಟಲು ಹೋದವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುತ್ತದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 1969ರಲ್ಲಿ ಅದನ್ನು ಕೆಡವಿತು. ಮರುವರ್ಷ ಬಂದ ಹೊಸ ಕಾಯ್ದೆ ಮಾದಕವಸ್ತುಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸಿ, ಗಾಂಜಾವನ್ನು ಹೆರಾಯಿನ್ ಜೊತೆಗೆ ಅತ್ಯಂತ ಕಠಿಣವಾದ ಮೊದಲ ಪಟ್ಟಿಯಲ್ಲಿ ಇರಿಸಿತು. ಅಧ್ಯಯನ ಮುಗಿಯುವವರೆಗೆ ಅಲ್ಲಿರಲಿ ಎಂಬುದು ಆಗಿನ ಆರೋಗ್ಯ ಅಧಿಕಾರಿಗಳ ಸಲಹೆಯಾಗಿತ್ತು. ಅಧ್ಯಯನಕ್ಕೆಂದು ನೇಮಕವಾದ ಆಯೋಗಕ್ಕೆ ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್, ರಿಪಬ್ಲಿಕನ್ ಪಕ್ಷದ ರೇಮಂಡ್ ಶೇಫರ್ ಅಧ್ಯಕ್ಷರಾಗಿದ್ದರು. 1972ರಲ್ಲಿ ಆ ಆಯೋಗ, ಸ್ವಂತ ಬಳಕೆಗೆ ಅಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವುದನ್ನು ಅಪರಾಧವೆಂದು ಪರಿಗಣಿಸಬಾರದು ಎಂದು ಶಿಫಾರಸು ಮಾಡಿತು. ಅಧ್ಯಕ್ಷ ನಿಕ್ಸನ್ ಅದನ್ನು ತಳ್ಳಿಹಾಕಿದರು. ತಾತ್ಕಾಲಿಕವೆಂದು ಹಾಕಿದ ಬೇಲಿ ಅರ್ಧ ಶತಮಾನ ಹಾಗೆಯೇ ನಿಂತಿತು.

ಹಾಗಿದ್ದರೆ ರಾಜ್ಯಗಳು ಹೇಗೆ ಸಕ್ರಮಗೊಳಿಸಿದವು? ಫೆಡರಲ್ ಸರ್ಕಾರ ತನ್ನ ಕಾನೂನನ್ನು ತನ್ನ ಅಧಿಕಾರಿಗಳಿಂದ ಜಾರಿ ಮಾಡಿಸಬಹುದೇ ಹೊರತು, ರಾಜ್ಯದ ಪೊಲೀಸರಿಂದ ಬಲವಂತವಾಗಿ ಜಾರಿ ಮಾಡಿಸುವಂತಿಲ್ಲ; ಇದು ಅಲ್ಲಿನ ಸಂವಿಧಾನದ ಸ್ಥಾಪಿತ ತತ್ವ. 1996ರಲ್ಲಿ ಕ್ಯಾಲಿಫೋರ್ನಿಯಾ ವೈದ್ಯಕೀಯ ಬಳಕೆಗೂ, 2012ರಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ವಯಸ್ಕರ ಸಾಮಾನ್ಯ ಬಳಕೆಗೂ ತಮ್ಮದೇ ಕಾನೂನಿನ ಶಿಕ್ಷೆಯನ್ನು ತೆಗೆದುಹಾಕಿದವು. ಫೆಡರಲ್ ಶಿಕ್ಷೆಯನ್ನು ತೆಗೆಯುವ ಅಧಿಕಾರ ಅವುಗಳಿಗೆ ಇರಲಿಲ್ಲ. 2005ರ ರೈಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 6–3ರ ಬಹುಮತದಿಂದ ಸ್ಪಷ್ಟಪಡಿಸಿತು. ರಾಜ್ಯದ ಕಾನೂನಿಗೆ ಅನುಗುಣವಾಗಿ, ವೈದ್ಯರ ಸಲಹೆಯ ಮೇರೆಗೆ, ಮನೆಯಲ್ಲಿ ಬೆಳೆದ ಆರು ಗಿಡಗಳನ್ನು ಫೆಡರಲ್ ಅಧಿಕಾರಿಗಳು ಕಿತ್ತುಹಾಕಿದ್ದು ಆ ಮೊಕದ್ದಮೆಯ ಹಿನ್ನೆಲೆ. ಒಂದು ಕಾಸಿನ ವ್ಯಾಪಾರವೂ ನಡೆಯದಿದ್ದ ಆ ಗಿಡಗಳನ್ನು ಅಂತರರಾಜ್ಯ ವಾಣಿಜ್ಯದ ಅಧಿಕಾರದ ಅಡಿಯಲ್ಲಿ ನಿಷೇಧಿಸಬಹುದು ಎಂದು ನ್ಯಾಯಾಲಯ ಹೇಳಿತು. ಆಗ ಭಿನ್ನಮತ ಬರೆದಿದ್ದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರು 2021ರಲ್ಲಿ ಮತ್ತೊಮ್ಮೆ ಇದೇ ವಿಷಯಕ್ಕೆ ಬಂದು, ಅರ್ಧ ಸಹಿಸಿ ಅರ್ಧ ನಿಷೇಧಿಸುವ ಈಗಿನ ಪದ್ಧತಿಯಲ್ಲಿ ಸುಸಂಗತಿಯೇ ಇಲ್ಲವೆಂಬ ಅರ್ಥದಲ್ಲಿ ಬರೆದರು. ಅವರು ಸಂಪ್ರದಾಯವಾದಿ ನ್ಯಾಯಮೂರ್ತಿ ಎಂಬುದನ್ನು ಗಮನಿಸಿ. ಇದು ಕೇವಲ ಉದಾರವಾದಿಗಳ ಕೂಗು ಎಂಬ ಭಾವನೆ ತಪ್ಪು.

ಇಂದು ಅಂಗಡಿಗಳು ತೆರೆದಿರುವುದು ಹಕ್ಕಿನಿಂದಲ್ಲ, ಸಹನೆಯಿಂದ. 2014ರಿಂದ ಪ್ರತಿ ಬಜೆಟ್ ಮಸೂದೆಗೆ ಸೇರಿಸುತ್ತಿರುವ ಒಂದು ಷರತ್ತು, ರಾಜ್ಯಗಳ ವೈದ್ಯಕೀಯ ಗಾಂಜಾ ಯೋಜನೆಗಳಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಖರ್ಚು ಮಾಡಬಾರದೆನ್ನುತ್ತದೆ. ವಯಸ್ಕರ ಸಾಮಾನ್ಯ ಬಳಕೆಗೆ ಆ ರಕ್ಷಣೆಯೂ ಇಲ್ಲ. 2013ರಲ್ಲಿ ಒಬಾಮ ಆಡಳಿತ ಹೊರಡಿಸಿದ್ದ ಸಂಯಮದ ಸೂಚನೆಯನ್ನು 2018ರ ಜನವರಿಯಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಹಿಂತೆಗೆದುಕೊಂಡರು.

ಈಗ ದಾರಿಗಳ ವಿಷಯ. ಗಾಂಜಾವನ್ನು ಮೂರನೆಯ ಪಟ್ಟಿಗೆ ಇಳಿಸುವುದು ಮೊದಲನೆಯದು. ಆರೋಗ್ಯ ಇಲಾಖೆ 2023ರಲ್ಲಿ ಇದನ್ನು ಶಿಫಾರಸು ಮಾಡಿತು, ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಕರಡು ನಿಯಮ ಪ್ರಕಟಿಸಿತು, 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಈ ಕೆಲಸವನ್ನು ತ್ವರಿತಗೊಳಿಸುವಂತೆ ಆದೇಶಿಸಿದರು. ಪತ್ರಿಕೆಗಳು ಇದನ್ನು ಸಕ್ರಮದತ್ತ ದೊಡ್ಡ ಹೆಜ್ಜೆ ಎಂದು ಬಣ್ಣಿಸಿದರೂ, ಮೂರನೆಯ ಪಟ್ಟಿಯ ವಸ್ತುವನ್ನು ಕಾನೂನುಬದ್ಧವಾಗಿ ಮಾರಲು ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ಮತ್ತು ವೈದ್ಯರ ಚೀಟಿ ಬೇಕು. ನಿಮ್ಮೂರಿನ ಅಂಗಡಿಯ ಬಳಿ ಎರಡೂ ಇರುವುದಿಲ್ಲ. ಎರಡನೆಯ ದಾರಿ, ಗಾಂಜಾವನ್ನು ಎಲ್ಲ ಪಟ್ಟಿಗಳಿಂದಲೂ ತೆಗೆದುಹಾಕಿ ನಿರ್ಧಾರವನ್ನು ರಾಜ್ಯಗಳಿಗೆ ಬಿಡುವುದು. ಮೂರನೆಯದು, ಪಟ್ಟಿಯಿಂದ ತೆಗೆಯುವುದರ ಜೊತೆಗೆ ಫೆಡರಲ್ ತೆರಿಗೆ, ಗುಣಮಟ್ಟ, ಜಾಹೀರಾತು ಮತ್ತು ವಯೋಮಿತಿಯ ನಿಯಮಗಳನ್ನು ರೂಪಿಸುವುದು.

ನನ್ನ ಒಲವು ಎರಡನೆಯದರ ಕಡೆಗಿದೆ. 1933ರಲ್ಲಿ ಮದ್ಯನಿಷೇಧ ರದ್ದಾದಾಗಲೂ ಎಲ್ಲ ರಾಜ್ಯಗಳಲ್ಲಿ ಮದ್ಯದಂಗಡಿ ತೆರೆಯಬೇಕೆಂದು ಯಾರೂ ಆಜ್ಞೆ ಮಾಡಲಿಲ್ಲ. ಫೆಡರಲ್ ಸರ್ಕಾರ ಹಿಂದೆ ಸರಿಯಿತು, ರಾಜ್ಯಗಳು ತಮಗೆ ಬೇಕಾದಂತೆ ನಿರ್ಧರಿಸಿದವು. ಮಿಸಿಸಿಪ್ಪಿ 1966ರವರೆಗೂ ನಿಷೇಧವನ್ನು ಉಳಿಸಿಕೊಂಡಿತ್ತು. ಅದೇ ಮಾದರಿಯಲ್ಲಿ ಇಂಡಿಯಾನಾ ಬೇಡವೆನ್ನಲಿ, ಇಲಿನಾಯ್ ಬೇಕೆನ್ನಲಿ. ಆದರೆ ಬೇಕೆಂದವರು ದಿನನಿತ್ಯ ಅಪರಾಧದ ನೆರಳಿನಲ್ಲಿ ವ್ಯವಹಾರ ನಡೆಸುವ ಸ್ಥಿತಿ ಕೊನೆಯಾಗಲಿ.

ಉತ್ತರ: ಲೆಕ್ಕಪತ್ರ

ನಾನು ತೆರಿಗೆ ಲೆಕ್ಕದ ಕೆಲಸದಲ್ಲಿರುವವನು, ಆದ್ದರಿಂದ ಆ ಕಡೆಯಿಂದಲೇ ಬರೆಯುತ್ತೇನೆ. ಶಾಸನಪ್ರಿಯ ಅವರು ಮೂರನೆಯ ಪಟ್ಟಿಗೆ ಇಳಿಸುವುದನ್ನು ಸಣ್ಣ ಬದಲಾವಣೆಯೆಂಬಂತೆ ಹೇಳಿದ್ದಾರೆ. ಕೊಳ್ಳುವವರ ದೃಷ್ಟಿಯಿಂದ ಅದು ನಿಜ. ಮಾರುವವರ ದೃಷ್ಟಿಯಿಂದ ಅಲ್ಲವೇ ಅಲ್ಲ.

ಇದಕ್ಕೆ ಕಾರಣ ಫೆಡರಲ್ ಆದಾಯ ತೆರಿಗೆ ಸಂಹಿತೆಯ 280ಇ ಎಂಬ ಕಲಂ. 1981ರಲ್ಲಿ ಮಿನಿಯಾಪೊಲಿಸ್‌ನ ಮಾದಕವಸ್ತು ವ್ಯಾಪಾರಿಯೊಬ್ಬ ತನ್ನ ಅಕ್ರಮ ವ್ಯಾಪಾರಕ್ಕೆ ತಗುಲಿದ ಖರ್ಚುಗಳನ್ನು ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂದು ತೆರಿಗೆ ನ್ಯಾಯಾಲಯದಲ್ಲಿ ಗೆದ್ದ. ಅದರಿಂದ ಮುಜುಗರಗೊಂಡ ಸಂಸತ್ತು ಮರುವರ್ಷವೇ, ಮೊದಲ ಎರಡು ಪಟ್ಟಿಗಳಲ್ಲಿರುವ ವಸ್ತುಗಳನ್ನು ಮಾರುವವರು ಸರಕಿನ ಅಸಲು ಬೆಲೆಯ ಹೊರತಾಗಿ ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ ಎಂದು ಕಾನೂನು ಮಾಡಿತು. ಬೀದಿಯ ದಂಧೆಕೋರರಿಗೆಂದು ಮಾಡಿದ ಆ ಕಲಂ ಈಗ ರಾಜ್ಯದಿಂದ ಪರವಾನಗಿ ಪಡೆದು ಲೆಕ್ಕಪುಸ್ತಕ ಇಟ್ಟು ವ್ಯಾಪಾರ ಮಾಡುವವರ ಕುತ್ತಿಗೆಗೆ ಬಿದ್ದಿದೆ. ದಂಧೆಕೋರರು ಹೇಗಿದ್ದರೂ ತೆರಿಗೆ ವಿವರ ಸಲ್ಲಿಸುವವರಲ್ಲ.

ಲೆಕ್ಕ ಹೀಗಿದೆ. ಒಂದು ಕಂಪನಿ 100 ಡಾಲರ್ ಮಾರಾಟ ಮಾಡಿತೆಂದುಕೊಳ್ಳಿ. ಸರಕಿನ ಅಸಲು 60 ಡಾಲರ್. ಬಾಡಿಗೆ, ಸಂಬಳ, ಕಾವಲು, ಜಾಹೀರಾತು ಸೇರಿ 30 ಡಾಲರ್. ಉಳಿಯುವ ಲಾಭ 10 ಡಾಲರ್. ಬೇರೆ ಯಾವುದೇ ಕಂಪನಿಯಾದರೆ ಶೇ 21ರ ದರದಲ್ಲಿ 2 ಡಾಲರ್ 10 ಸೆಂಟ್ ತೆರಿಗೆ ಕಟ್ಟುತ್ತದೆ. ಗಾಂಜಾ ಕಂಪನಿ ಆ 30 ಡಾಲರನ್ನು ಕಳೆಯುವಂತಿಲ್ಲವಾದ್ದರಿಂದ 40 ಡಾಲರ್ ಮೇಲೆ 8 ಡಾಲರ್ 40 ಸೆಂಟ್ ಕಟ್ಟಬೇಕು. ಅಂದರೆ ಲಾಭದ ಶೇ 84 ಭಾಗ ಫೆಡರಲ್ ಬೊಕ್ಕಸಕ್ಕೆ ಹೋಗುತ್ತದೆ. ಖರ್ಚು ಸ್ವಲ್ಪ ಹೆಚ್ಚಾದರೆ ನಷ್ಟದಲ್ಲಿದ್ದೂ ತೆರಿಗೆ ಕಟ್ಟಬೇಕಾದ ಪರಿಸ್ಥಿತಿ ಬರುತ್ತದೆ. ಮೂರನೆಯ ಪಟ್ಟಿಗೆ ಇಳಿದ ವಸ್ತುವಿಗೆ ಈ ಕಲಂ ಅನ್ವಯಿಸುವುದಿಲ್ಲ. ಉದ್ಯಮ ಅದಕ್ಕಾಗಿ ಏಕೆ ಹಾತೊರೆಯುತ್ತದೆಂಬುದು ಇದರಿಂದ ತಿಳಿಯುತ್ತದೆ.

ಬ್ಯಾಂಕಿನ ಸಮಸ್ಯೆಯನ್ನು ಎಲ್ಲರೂ ಬಲ್ಲರು: ಹಣ ಅಕ್ರಮ ಚಲಾವಣೆಯ ಆರೋಪದ ಭಯದಿಂದ ದೊಡ್ಡ ಬ್ಯಾಂಕುಗಳು ದೂರ ಉಳಿಯುತ್ತವೆ, ಪ್ರಮುಖ ಕ್ರೆಡಿಟ್ ಕಾರ್ಡ್‌ಗಳು ನಡೆಯುವುದಿಲ್ಲ, ನಗದು ತುಂಬಿದ ಅಂಗಡಿಗಳು ದರೋಡೆಕೋರರ ಕಣ್ಣಿಗೆ ಬೀಳುತ್ತವೆ. ಬ್ಯಾಂಕುಗಳಿಗೆ ರಕ್ಷಣೆ ನೀಡುವ ಮಸೂದೆ ಕೆಳಮನೆಯಲ್ಲಿ ಹಲವು ಬಾರಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಗಿದೆ.

ಆದರೆ ಹೊರಗಿನವರಿಗೆ ಕಾಣದ ಒಂದು ಸಂಗತಿಯಿದೆ. ಪೂರ್ಣ ಸಕ್ರಮವನ್ನು ಉದ್ಯಮದ ಎಲ್ಲರೂ ಬಯಸುತ್ತಾರೆಂದು ತಿಳಿಯಬೇಡಿ. ಫೆಡರಲ್ ನಿಷೇಧ ಇರುವುದರಿಂದ ಒಂದು ರಾಜ್ಯದ ಬೆಳೆ ಇನ್ನೊಂದು ರಾಜ್ಯಕ್ಕೆ ಹೋಗುವಂತಿಲ್ಲ. ಪ್ರತಿ ರಾಜ್ಯವೂ ತನಗೆ ಬೇಕಾದದ್ದನ್ನು ತಾನೇ ಬೆಳೆದುಕೊಳ್ಳಬೇಕು. ಇದರಿಂದ ಬಿಸಿಲು ಕಡಿಮೆಯಿರುವ ಈಶಾನ್ಯದ ರಾಜ್ಯಗಳಲ್ಲಿ ಕಟ್ಟಡದೊಳಗೆ ದೀಪಗಳ ಬೆಳಕಿನಲ್ಲಿ ದುಬಾರಿ ಬೆಳೆ ತೆಗೆದವರೂ ಬದುಕಿದ್ದಾರೆ, ಒರೆಗಾನ್‌ನಲ್ಲಿ ಬಯಲಿನಲ್ಲಿ ಬೆಳೆದವರು ಬೆಲೆಯಿಲ್ಲದೆ ಕೈಸುಟ್ಟುಕೊಂಡಿದ್ದಾರೆ. ಒರೆಗಾನ್ 2019ರಲ್ಲೇ, ಫೆಡರಲ್ ಸರ್ಕಾರ ಅನುಮತಿಸಿದ ದಿನ ಹೊರರಾಜ್ಯಗಳಿಗೆ ಕಳುಹಿಸಲು ಅನುಕೂಲವಾಗುವಂತೆ ಕಾನೂನು ಮಾಡಿಟ್ಟುಕೊಂಡಿದೆ. ಗಡಿಗಳು ತೆರೆದ ಮರುದಿನ ಪಶ್ಚಿಮ ಕರಾವಳಿಯ ಅಗ್ಗದ ಸರಕು ದೇಶವನ್ನೆಲ್ಲ ತುಂಬುತ್ತದೆ. ಹಿಂದೆ ಗಾಂಜಾ ಪ್ರಕರಣಗಳಲ್ಲಿ ಶಿಕ್ಷೆ ಅನುಭವಿಸಿದವರಿಗೆ ಆದ್ಯತೆಯ ಮೇಲೆ ಪರವಾನಗಿ ಕೊಟ್ಟ ನ್ಯೂಯಾರ್ಕ್‌ನಂತಹ ರಾಜ್ಯಗಳ ಸಣ್ಣ ಉದ್ಯಮಿಗಳು ಆ ಹೊಡೆತಕ್ಕೆ ಮೊದಲು ಸಿಕ್ಕಿಬೀಳುತ್ತಾರೆ. ಹಣವಿರುವವರು ಆಗಲೇ ಸಾಲಿನಲ್ಲಿ ನಿಂತಿದ್ದಾರೆ. ಮಾರ್ಲ್‌ಬೊರೊ ಸಿಗರೇಟಿನ ಒಡೆತನದ ಆಲ್ಟ್ರಿಯಾ ಕಂಪನಿ 2018ರ ಡಿಸೆಂಬರ್‌ನಲ್ಲಿ ಕೆನಡಾದ ಗಾಂಜಾ ಕಂಪನಿಯೊಂದರಲ್ಲಿ 180 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅದೇ ವರ್ಷ ಮದ್ಯ ತಯಾರಿಕೆಯ ಕಾನ್‌ಸ್ಟಲೇಶನ್ ಬ್ರ್ಯಾಂಡ್ಸ್ ಇನ್ನೊಂದರಲ್ಲಿ ಸುಮಾರು 400 ಕೋಟಿ ಡಾಲರ್ ಹೂಡಿತು.

ತೆರಿಗೆಯ ಕನಸಿನ ಬಗ್ಗೆಯೂ ಒಂದು ಮಾತು. ಕೊಲೊರಾಡೊದ ಗಾಂಜಾ ತೆರಿಗೆ ಆದಾಯ 2021ರಲ್ಲಿ 42 ಕೋಟಿ ಡಾಲರ್ ದಾಟಿ, ಆಮೇಲೆ ಇಳಿಮುಖವಾಯಿತು. ಬೆಲೆಯ ಮೇಲೆ ಶೇಕಡಾವಾರು ತೆರಿಗೆ ಹಾಕಿದರೆ ಬೆಲೆ ಕುಸಿದಂತೆ ತೆರಿಗೆಯೂ ಕುಸಿಯುತ್ತದೆ. ದೇಶವ್ಯಾಪಿ ಮಾರುಕಟ್ಟೆಯಲ್ಲಿ ಬೆಲೆ ಇನ್ನಷ್ಟು ಕುಸಿಯುವುದು ಖಚಿತ. ಹಾಗೆಂದು ತೆರಿಗೆ ಏರಿಸಿದರೆ ಗಿರಾಕಿಗಳು ಅಕ್ರಮ ಮಾರುಕಟ್ಟೆಗೆ ಮರಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ನಗರ ಮತ್ತು ಕೌಂಟಿಗಳು ಅಂಗಡಿಗಳಿಗೆ ಅವಕಾಶವನ್ನೇ ಕೊಡದಿರುವುದರಿಂದಲೂ, ಹಲವು ಹಂತದ ತೆರಿಗೆಗಳಿಂದಲೂ ಅಕ್ರಮ ವ್ಯಾಪಾರ ಇಂದಿಗೂ ದೊಡ್ಡದಾಗಿಯೇ ಉಳಿದಿದೆ.

ಉತ್ತರ: ಮಂದಾರ

ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ, ಶಾಸನಪ್ರಿಯ ಅವರ ಮದ್ಯದ ಹೋಲಿಕೆಯನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. 1933ರ ನಂತರ ಮದ್ಯದ ವಿಷಯದಲ್ಲಿ ಆದದ್ದು ಅನುಕರಣೀಯವೆಂದು ನಮ್ಮ ಕ್ಷೇತ್ರದಲ್ಲಿ ಯಾರೂ ಹೇಳುವುದಿಲ್ಲ.

ಶೇಫರ್ ಆಯೋಗ ಅಧ್ಯಯನ ಮಾಡಿದ ಗಾಂಜಾ ಮತ್ತು ಇಂದು ಅಂಗಡಿಯಲ್ಲಿ ಸಿಗುವ ಗಾಂಜಾ ಎರಡೂ ಒಂದೇ ಅಲ್ಲ. ಅಮಲು ತರುವ ಅಂಶವಾದ ಟಿಎಚ್‌ಸಿ, ಫೆಡರಲ್ ಅಧಿಕಾರಿಗಳು ವಶಪಡಿಸಿಕೊಂಡ ಮಾದರಿಗಳಲ್ಲಿ 1995ರ ಸುಮಾರಿಗೆ ಸರಾಸರಿ ಶೇ 4ರಷ್ಟಿತ್ತು. ಈಚಿನ ವರ್ಷಗಳಲ್ಲಿ ಅದು ಶೇ 15ರ ಆಸುಪಾಸಿನಲ್ಲಿದೆ. ಅಂಗಡಿಗಳಲ್ಲಿ ಶೇ 20ಕ್ಕಿಂತ ಹೆಚ್ಚಿರುವ ಹೂವುಗಳು ಸಾಮಾನ್ಯ, ಸಾಂದ್ರೀಕರಿಸಿದ ಉತ್ಪನ್ನಗಳಲ್ಲಿ ಅದು ಶೇ 60ರಿಂದ 90ರವರೆಗೂ ಹೋಗುತ್ತದೆ. ಬಳಕೆಯ ರೀತಿಯೂ ಬದಲಾಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊನಾಥನ್ ಕಾಲ್ಕಿನ್ಸ್ ಅವರು ರಾಷ್ಟ್ರೀಯ ಸಮೀಕ್ಷೆಗಳನ್ನು ಆಧರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಸೇವಿಸುವವರ ಸಂಖ್ಯೆ 1992ರಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆಯಿದ್ದದ್ದು 2022ರಲ್ಲಿ 1 ಕೋಟಿ 77 ಲಕ್ಷಕ್ಕೆ ಏರಿ, ಅಷ್ಟೇ ನಿಯಮಿತವಾಗಿ ಮದ್ಯ ಸೇವಿಸುವ 1 ಕೋಟಿ 47 ಲಕ್ಷ ಮಂದಿಯನ್ನು ಹಿಂದೆ ಹಾಕಿತು. ಈ ಏರಿಕೆಗೆಲ್ಲ ಸಕ್ರಮವೇ ಕಾರಣವೆಂದು ಆ ಅಧ್ಯಯನ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ವ್ಯಾಪಾರಿಗೆ ಲಾಭ ಬರುವುದು ವಾರಾಂತ್ಯದಲ್ಲಿ ಒಮ್ಮೆ ಸೇವಿಸುವವರಿಂದಲ್ಲ, ಈ ದಿನನಿತ್ಯದ ಗಿರಾಕಿಗಳಿಂದ. ಯಾರಿಗೆ ಅತಿ ಹೆಚ್ಚು ಹಾನಿಯಾಗುತ್ತದೆಯೋ ಅವರೇ ಅತ್ಯುತ್ತಮ ಗಿರಾಕಿಗಳಾಗಿರುವ ಉದ್ಯಮವನ್ನು ದೇಶವ್ಯಾಪಿ ಮಾಡುವಾಗ ಸ್ವಲ್ಪ ಭಯವಿರಬೇಕು.

ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಹೊರತಂದ ವರದಿ ಎರಡೂ ಕಡೆಯವರು ಓದಲೇಬೇಕಾದದ್ದು. ದೀರ್ಘಕಾಲದ ನೋವು, ಕೀಮೋಥೆರಪಿಯಿಂದಾಗುವ ವಾಕರಿಕೆ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಗಾಂಜಾ ಅಥವಾ ಅದರ ಅಂಶಗಳಿಂದ ಉಪಯೋಗವಿದೆ ಎಂಬುದಕ್ಕೆ ಬಲವಾದ ಪುರಾವೆಯಿದೆ ಎಂದು ಅದು ಒಪ್ಪುತ್ತದೆ. ಹೆಚ್ಚು ಸೇವಿಸಿದಷ್ಟೂ ಸ್ಕಿಜೋಫ್ರೇನಿಯಾ ಮತ್ತಿತರ ಮನೋವಿಕಾರಗಳ ಅಪಾಯ ಹೆಚ್ಚುವ ಸಾಧ್ಯತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳ ವಿಷಯದಲ್ಲಿ, ಆರು ವರ್ಷದೊಳಗಿನವರು ಗಾಂಜಾ ಬೆರೆಸಿದ ತಿನಿಸನ್ನು ಮಿಠಾಯಿಯೆಂದು ತಿಂದ ಬಗ್ಗೆ ವಿಷ ನಿಯಂತ್ರಣ ಕೇಂದ್ರಗಳಿಗೆ ಬಂದ ದೂರುಗಳು 2017ರಲ್ಲಿ 207 ಇದ್ದವು, 2021ರಲ್ಲಿ 3,054 ಆದವು. ಹದಿಹರೆಯದವರ ಬಳಕೆ ಏರಿಬಿಡುತ್ತದೆಂಬ ಆತಂಕ ಮಾತ್ರ ಶಾಲಾ ಸಮೀಕ್ಷೆಗಳಲ್ಲಿ ನಿಜವಾಗಲಿಲ್ಲ. ವಿರೋಧಿಗಳು ಇದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ವಾಹನ ಚಾಲನೆಯೂ ಬಗೆಹರಿಯದ ಸಮಸ್ಯೆ. ಮದ್ಯವಾದರೆ ಉಸಿರಿನಲ್ಲಿ ಅಳೆಯಬಹುದು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿಯುವ ವಸ್ತುವಾದ್ದರಿಂದ, ರಕ್ತದಲ್ಲಿರುವ ಪ್ರಮಾಣಕ್ಕೂ ಆ ಕ್ಷಣದ ಅಮಲಿಗೂ ನೇರವಾದ ತಾಳೆಯಿಲ್ಲ. ವಾಷಿಂಗ್ಟನ್ ರಾಜ್ಯ ಒಂದು ಮಿಲಿಲೀಟರ್ ರಕ್ತಕ್ಕೆ 5 ನ್ಯಾನೊಗ್ರಾಂ ಎಂಬ ಮಿತಿ ಹಾಕಿದೆ. ದಿನನಿತ್ಯ ಸೇವಿಸುವವನು ಅಮಲಿಲ್ಲದೆಯೂ ಆ ಮಿತಿ ದಾಟಬಹುದು, ಅಪರೂಪಕ್ಕೆ ಸೇವಿಸಿದವನು ಅಮಲಿನಲ್ಲಿದ್ದೂ ಕೆಳಗಿರಬಹುದು.

ಹಾಗಾದರೆ ನಿಷೇಧ ಮುಂದುವರಿಯಲಿ ಎನ್ನುತ್ತೀರಾ ಎಂದು ಕೇಳಿದರೆ, ಇಲ್ಲ. ಸೇವಿಸಿದವರನ್ನು ಬಂಧಿಸುವುದರಿಂದ ಯಾರ ಆರೋಗ್ಯವೂ ಸುಧಾರಿಸಿಲ್ಲ. ಬಂಧನ ಮತ್ತು ಬಹುರಾಷ್ಟ್ರೀಯ ವ್ಯಾಪಾರ ಇವೆರಡರ ನಡುವೆ ವಿಶಾಲವಾದ ಜಾಗವಿದೆ. 2013ರಲ್ಲಿ ಮೊಟ್ಟಮೊದಲು ಸಕ್ರಮಗೊಳಿಸಿದ ಉರುಗ್ವೆ ನೋಂದಾಯಿತ ಬಳಕೆದಾರರಿಗೆ ಔಷಧದಂಗಡಿಗಳ ಮೂಲಕ ಮಾರಿಸುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಚಿಲ್ಲರೆ ಮಾರಾಟ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. 2024ರಲ್ಲಿ ಜರ್ಮನಿ ವಾಣಿಜ್ಯ ಅಂಗಡಿಗಳನ್ನು ಬಿಟ್ಟು, ಮನೆಯಲ್ಲಿ ಕೆಲವು ಗಿಡ ಬೆಳೆಯುವುದಕ್ಕೂ ಲಾಭದ ಉದ್ದೇಶವಿಲ್ಲದ ಬೆಳೆಗಾರರ ಸಂಘಗಳಿಗೂ ಮಾತ್ರ ಅವಕಾಶ ಕೊಟ್ಟಿತು. ಅಮೆರಿಕದಲ್ಲಿ ಇಂತಹ ಪ್ರಯೋಗಕ್ಕೆ ಅಡ್ಡಿಯಾಗಿರುವುದು ಫೆಡರಲ್ ನಿಷೇಧವೇ: ರಾಜ್ಯ ಸರ್ಕಾರ ತಾನೇ ಅಂಗಡಿ ನಡೆಸಿದರೆ ಅದರ ನೌಕರರೇ ಫೆಡರಲ್ ಕಾನೂನು ಮುರಿದಂತಾಗುತ್ತದೆ, ಆದ್ದರಿಂದ ಎಲ್ಲ ರಾಜ್ಯಗಳೂ ಖಾಸಗಿಯವರಿಗೆ ಪರವಾನಗಿ ಕೊಡುವ ದಾರಿಯನ್ನೇ ಹಿಡಿದವು. ಅತಿ ಕಠಿಣ ಕಾನೂನು ಅತಿ ಸಡಿಲ ಮಾರುಕಟ್ಟೆಯನ್ನು ಹುಟ್ಟಿಸಿತು. ಆದ್ದರಿಂದ ನನಗೆ ಬೇಕಾದದ್ದು ಮೂರನೆಯ ದಾರಿ, ಅದೂ ಕಟ್ಟುನಿಟ್ಟಾದದ್ದು. ವರ್ಮಾಂಟ್ ಮತ್ತು ಕನೆಕ್ಟಿಕಟ್ ಸಕ್ರಮಗೊಳಿಸಿದಾಗ ಟಿಎಚ್‌ಸಿಗೆ ಹೂವಿನಲ್ಲಿ ಶೇ 30, ಸಾಂದ್ರ ಉತ್ಪನ್ನಗಳಲ್ಲಿ ಶೇ 60 ಎಂಬ ಮಿತಿ ತಂದಿದ್ದವು. ನನ್ನ ಲೆಕ್ಕದಲ್ಲಿ ಅದೂ ಹೆಚ್ಚೇ. ತೆರಿಗೆಯನ್ನು ಬೆಲೆಯ ಮೇಲಲ್ಲ, ಟಿಎಚ್‌ಸಿಯ ತೂಕದ ಮೇಲೆ ಹಾಕಿದರೆ ಲೆಕ್ಕಪತ್ರ ಅವರು ಹೇಳಿದ ಕುಸಿತದ ಸಮಸ್ಯೆಯೂ ಸ್ವಲ್ಪ ಮಟ್ಟಿಗೆ ಪರಿಹಾರವಾಗುತ್ತದೆ.

ಮರುಪ್ರಶ್ನೆ: ದೂರದೇಶಿ

ಮೂವರಿಗೂ ಧನ್ಯವಾದಗಳು. ಒಂದು ಸಂಶಯ ಉಳಿದಿದೆ. ಸಕ್ರಮದ ಪರ ಅತ್ಯಂತ ಬಲವಾದ ವಾದವೆಂದು ನಾನು ತಿಳಿದಿದ್ದದ್ದು ಬಂಧನಗಳದ್ದು, ಅದರಲ್ಲೂ ಕಪ್ಪು ಜನರ ಮೇಲಾಗುವ ತಾರತಮ್ಯದ್ದು. ಫೆಡರಲ್ ಕಾನೂನು ಬದಲಾದರೆ ಅದು ಎಷ್ಟರ ಮಟ್ಟಿಗೆ ನಿವಾರಣೆಯಾಗುತ್ತದೆ?

ಉತ್ತರ: ಶಾಸನಪ್ರಿಯ

ನಿರೀಕ್ಷಿಸುವುದಕ್ಕಿಂತ ಬಹಳ ಕಡಿಮೆ. ಎಸಿಎಲ್‌ಯು ಎಂಬ ನಾಗರಿಕ ಸ್ವಾತಂತ್ರ್ಯ ಸಂಘಟನೆಯ ಅಧ್ಯಯನದಂತೆ 2001ರಿಂದ 2010ರವರೆಗೆ ನಡೆದ ಗಾಂಜಾ ಬಂಧನಗಳು 82 ಲಕ್ಷ, ಅವುಗಳಲ್ಲಿ ಶೇ 88ರಷ್ಟು ಕೇವಲ ಇಟ್ಟುಕೊಂಡದ್ದಕ್ಕಾಗಿ. ಬಳಕೆಯ ಪ್ರಮಾಣ ಹೆಚ್ಚುಕಡಿಮೆ ಸಮನಾಗಿದ್ದರೂ ಕಪ್ಪು ಜನರು ಬಂಧನಕ್ಕೊಳಗಾಗುವ ಸಾಧ್ಯತೆ 2018ರಲ್ಲಿ ಬಿಳಿಯರಿಗಿಂತ 3.64 ಪಟ್ಟು ಹೆಚ್ಚಿತ್ತು. ಆದರೆ ಈ ಬಂಧನಗಳಲ್ಲಿ ಬಹುಪಾಲು ನಡೆಯುವುದು ರಾಜ್ಯ ಮತ್ತು ಸ್ಥಳೀಯ ಪೊಲೀಸರಿಂದ, ರಾಜ್ಯದ ಕಾನೂನಿನ ಅಡಿಯಲ್ಲಿ. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಫೆಡರಲ್ ಪ್ರಕರಣಗಳಿಗೆ ಕ್ಷಮಾದಾನ ಘೋಷಿಸಿದಾಗ ಅದರ ವ್ಯಾಪ್ತಿಗೆ ಬರುವವರು ಸುಮಾರು 6,500 ಮಂದಿ ಎಂದು ಅಧಿಕಾರಿಗಳು ಹೇಳಿದರು. ಬರಿಯ ಸ್ವಂತ ಬಳಕೆಯ ಕಾರಣಕ್ಕೆ ಆಗ ಫೆಡರಲ್ ಜೈಲಿನಲ್ಲಿದ್ದವರು ಯಾರೂ ಇರಲಿಲ್ಲ. ಅಂದರೆ ನಾನು ಬಯಸುವ ಎರಡನೆಯ ದಾರಿ ಇಂಡಿಯಾನಾದ ಯುವಕನೊಬ್ಬನ ಬಂಧನವನ್ನು ತಪ್ಪಿಸುವುದಿಲ್ಲ. ಆ ಬದಲಾವಣೆ ಆ ರಾಜ್ಯದ ಶಾಸನಸಭೆಯಲ್ಲೇ ಆಗಬೇಕು. 2020 ಮತ್ತು 2022ರಲ್ಲಿ ಕೆಳಮನೆ ಅಂಗೀಕರಿಸಿದ್ದ, ಗಾಂಜಾವನ್ನು ಪಟ್ಟಿಗಳಿಂದ ತೆಗೆಯುವ ಮೋರ್ ಮಸೂದೆ ಹಳೆಯ ಫೆಡರಲ್ ದಾಖಲೆಗಳನ್ನು ಅಳಿಸುವ ಅವಕಾಶ ಕೊಡುತ್ತಿತ್ತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಸಂಸತ್ತು ಏಕೆ ನಿರ್ಧರಿಸುತ್ತಿಲ್ಲ ಎಂಬ ನಿಮ್ಮ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸೆನೆಟ್‌ನಲ್ಲಿ ಇಂತಹ ಮಸೂದೆಗೆ 60 ಮತಗಳು ಬೇಕು. ಬ್ಯಾಂಕ್ ಮಸೂದೆಯಂತಹ ಸಣ್ಣ ಸುಧಾರಣೆ ಮುಂದೆ ಬಂದಾಗ, ಹಳೆಯ ಶಿಕ್ಷೆಗಳ ಪರಿಹಾರ ಸೇರದ ಹೊರತು ಬೇಡವೆಂದು ಕೆಲವು ಬೆಂಬಲಿಗರೇ ಹಟ ಹಿಡಿಯುತ್ತಾರೆ. ಅದನ್ನು ಸೇರಿಸಿದರೆ ಇನ್ನೊಂದು ಕಡೆಯ ಮತಗಳು ಕಳೆದುಹೋಗುತ್ತವೆ. ಬಹುಪಾಲು ಜನರ ಬೆಂಬಲ ನಿಜವಾದರೂ, ಇದೊಂದೇ ವಿಷಯದ ಮೇಲೆ ಮತ ಹಾಕುವವರು ವಿರಳ. ಮೇಲಾಗಿ ಅಲೆ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಹರಿಯುತ್ತಿಲ್ಲ: 2024ರ ನವೆಂಬರ್‌ನಲ್ಲಿ ಫ್ಲಾರಿಡಾದ ಜನಮತದಲ್ಲಿ ಸಕ್ರಮದ ಪರ ಸುಮಾರು ಶೇ 56 ಮತ ಬಂದರೂ ಅಲ್ಲಿ ಬೇಕಾಗಿದ್ದ ಶೇ 60 ತಲುಪಲಿಲ್ಲ, ಉತ್ತರ ಮತ್ತು ದಕ್ಷಿಣ ಡಕೋಟಾಗಳು ತಿರಸ್ಕರಿಸಿದವು.

ಉತ್ತರ: ಕಾಡುಹಾದಿ

ಇಷ್ಟು ಚರ್ಚೆಯಲ್ಲಿ ಹೆಂಪ್ (ಟಿಎಚ್‌ಸಿ ತೀರ ಕಡಿಮೆಯಿರುವ ಗಾಂಜಾ ಜಾತಿಯ ಗಿಡ) ವಿಷಯ ಯಾರೂ ಎತ್ತಲಿಲ್ಲ. ಸಂಸತ್ತು ದೇಶದಾದ್ಯಂತ ಸಕ್ರಮಗೊಳಿಸಲು ಹಿಂಜರಿಯುತ್ತಿದೆ ಎಂದು ನೀವೆಲ್ಲ ಬರೆಯುತ್ತಿದ್ದೀರಿ. ಅರಿಯದೆ ಅರ್ಧ ಸಕ್ರಮಗೊಳಿಸಿ ಆಗಿದೆ. 2018ರ ಕೃಷಿ ಮಸೂದೆ, ಒಣ ತೂಕದಲ್ಲಿ ಶೇ 0.3ಕ್ಕಿಂತ ಹೆಚ್ಚು ಡೆಲ್ಟಾ-9 ಟಿಎಚ್‌ಸಿ (ಅಮಲು ತರುವ ಟಿಎಚ್‌ಸಿಯ ಮುಖ್ಯ ರೂಪ) ಇಲ್ಲದ ಗಿಡವನ್ನು ನಾರಿನ ಬೆಳೆಯೆಂದು ಪರಿಗಣಿಸಿ ಪಟ್ಟಿಯಿಂದ ತೆಗೆಯಿತು. ಶೇ 0.3 ಅತ್ಯಲ್ಪವೆಂದು ತೋರುತ್ತದೆ. ಆದರೆ 4 ಗ್ರಾಂ ತೂಗುವ ಒಂದು ಜೆಲ್ಲಿ ಮಿಠಾಯಿಯಲ್ಲಿ ಅದು 12 ಮಿಲಿಗ್ರಾಂ ಆಗುತ್ತದೆ. ಕೊಲೊರಾಡೊದ ಪರವಾನಗಿ ಅಂಗಡಿಯಲ್ಲಿ ಒಂದು ಬಾರಿಯ ಪ್ರಮಾಣವೆಂದು ನಿಗದಿಯಾಗಿರುವುದು 10 ಮಿಲಿಗ್ರಾಂ. ಇನ್ನು ಕಾಯ್ದೆ ಹೆಸರಿಸದಿದ್ದ ಡೆಲ್ಟಾ-8 ಎಂಬ ಅಮಲಿನ ಅಂಶವನ್ನು ರಾಸಾಯನಿಕ ಕ್ರಿಯೆಯಿಂದ ತಯಾರಿಸಿ, ಗಾಂಜಾ ನಿಷೇಧವಿರುವ ರಾಜ್ಯಗಳ ಪೆಟ್ರೋಲ್ ಬಂಕ್‌ಗಳಲ್ಲೂ ಮಾರತೊಡಗಿದರು. ಪರವಾನಗಿ ಅಂಗಡಿಗಳಲ್ಲಿರುವ ಪರೀಕ್ಷೆ, ಮಕ್ಕಳು ತೆರೆಯಲಾಗದ ಪೊಟ್ಟಣ, ವಯಸ್ಸಿನ ತಪಾಸಣೆ, ಇವು ಯಾವುವನ್ನೂ ಫೆಡರಲ್ ಕಾನೂನು ಈ ಉತ್ಪನ್ನಗಳಿಗೆ ವಿಧಿಸಿರಲಿಲ್ಲ. 2025ರ ನವೆಂಬರ್‌ನಲ್ಲಿ ಸಂಸತ್ತು ಒಂದು ಪೊಟ್ಟಣಕ್ಕೆ ಒಟ್ಟು 0.4 ಮಿಲಿಗ್ರಾಂ ಎಂಬ ಮಿತಿ ತಂದು ಈ ಕಿಂಡಿಯನ್ನು ಮುಚ್ಚಲು ಹೊರಟಿತು, ಜಾರಿಗೆ ಒಂದು ವರ್ಷದ ಗಡುವು ಕೊಟ್ಟು. ಮಂದಾರ ಅವರು ಹೇಳುವ ಕಟ್ಟುನಿಟ್ಟಿನ ನಿಯಮಗಳಿಲ್ಲದೆ ಪಟ್ಟಿಯಿಂದ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಏಳು ವರ್ಷ ನೋಡಿಯಾಗಿದೆ. ಶಾಸನಪ್ರಿಯ ಅವರ ಎರಡನೆಯ ದಾರಿಯ ಬಗ್ಗೆ ನನ್ನ ಆಕ್ಷೇಪವೂ ಇದೇ.

ಇನ್ನೊಂದು ವಿಷಯ ಈ ಪುಟ ಓದುವ, ಅಮೆರಿಕದ ಪೌರತ್ವ ಇಲ್ಲದವರಿಗಾಗಿ. ವೀಸಾ ಮತ್ತು ಗ್ರೀನ್ ಕಾರ್ಡ್ ನಿರ್ಧಾರವಾಗುವುದು ಫೆಡರಲ್ ಕಾನೂನಿನಿಂದ. ರಾಜ್ಯದಲ್ಲಿ ಸಕ್ರಮವಾಗಿದ್ದರೂ, ಶಿಕ್ಷೆಯೇ ಆಗಿರದಿದ್ದರೂ, ಗಾಂಜಾ ಇಟ್ಟುಕೊಂಡಿದ್ದೆನೆಂದು ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದೇ ಪ್ರವೇಶ ನಿರಾಕರಣೆಗೆ ಆಧಾರವಾಗಬಹುದು. ಪರವಾನಗಿ ಪಡೆದ ಗಾಂಜಾ ಕಂಪನಿಯಲ್ಲಿ ಉದ್ಯೋಗ ಮಾಡಿದ್ದು ಕೂಡ ಪೌರತ್ವದ ಅರ್ಜಿಯಲ್ಲಿ ನಡತೆಯ ಪ್ರಶ್ನೆಯಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ಲೆಕ್ಕ ಬರೆಯುವವರಿಗೂ ತಂತ್ರಾಂಶ ತಯಾರಿಸುವವರಿಗೂ ಈ ಚಿಂತೆ ತಪ್ಪಿದ್ದಲ್ಲ. ಮೂರನೆಯ ಪಟ್ಟಿಗೆ ಇಳಿದರೂ ಗಾಂಜಾ ನಿಯಂತ್ರಿತ ವಸ್ತುವಾಗಿಯೇ ಉಳಿಯುವುದರಿಂದ ಈ ನಿಯಮ ಬದಲಾಗುವುದಿಲ್ಲ. ಯಾರಿಗಾದರೂ ಇಂತಹ ಸಂದರ್ಭ ಎದುರಾಗಿದ್ದರೆ ಅರ್ಜಿ ತುಂಬುವ ಮೊದಲು, ದೇಶ ಬಿಟ್ಟು ಹೊರಡುವ ಮೊದಲು, ವಲಸೆ ವಕೀಲರನ್ನು ಕಾಣಿರಿ.